ಕ್ರೀಡಾ ತರಬೇತುದಾರ: ಕರ್ನಾಟಕದಲ್ಲಿ ಒಂದು ವೃತ್ತಿಯ ಏಳುಬೀಳು

ಆಟಗಾರರನ್ನು ಆರಿಸಿ, ತಿದ್ದಿ, ಪಂದ್ಯಕ್ಕೆ ಅಣಿಗೊಳಿಸಿ, ಅಂಕಣದ ಗೆರೆಯಾಚೆ ಕೂತು ಫಲಿತಾಂಶಕ್ಕೆ ಹೊಣೆ ಹೊರುವವರು ಕ್ರೀಡಾ ತರಬೇತುದಾರರು. ಪತ್ರಿಕೆಯಲ್ಲಿ ತರಬೇತುದಾರ, ಮೈದಾನದಲ್ಲಿ ಕೋಚ್, ಹಳ್ಳಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಕೆಲಸ ಒಂದೇ, ಅದಕ್ಕೆ ಸಿಗುವ ಸಂಬಳ, ಅಧಿಕಾರ, ಭದ್ರತೆಗಳಲ್ಲಿ ಮಾತ್ರ ಅಜಗಜಾಂತರ. ಕರ್ನಾಟಕದಲ್ಲಿ ಹುಟ್ಟಿ ಬೆಳೆದ, ಇಲ್ಲವೆ ಇಲ್ಲಿಗೆ ಬಂದು ದುಡಿದ ತರಬೇತುದಾರರ ವೃತ್ತಿಯ ಏಳುಬೀಳುಗಳನ್ನು ಈ ಲೇಖನ ಪರಿಶೀಲಿಸುತ್ತದೆ. ದೂರದರ್ಶನದಲ್ಲಿ ಕಾಣುವ ಕೋಚ್‌ಗಳಿಂದ ಹೊರಟು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶಾಲಾ ಮೈದಾನದವರೆಗೆ ಇದರ ಹರವು.

ತರಬೇತುದಾರನ ಏಳುಬೀಳನ್ನು ಅಂಕಪಟ್ಟಿಯೊಂದರಿಂದಲೇ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. 17 ಟೆಸ್ಟ್‌ಗಳಲ್ಲಿ 12 ಗೆದ್ದವರೊಬ್ಬರು ವರ್ಷ ತುಂಬುವಷ್ಟರಲ್ಲಿ ಹುದ್ದೆ ಬಿಟ್ಟರು. ಮೂರು ದೊಡ್ಡ ಪಂದ್ಯ ಸೋತ ಇನ್ನೊಬ್ಬರು ಮುಂದುವರಿದು ವಿಶ್ವಕಪ್ ಗೆದ್ದರು. ಇಬ್ಬರೂ ಬೆಂಗಳೂರಿನವರು, ಒಂದೇ ರಾಜ್ಯ ತಂಡದಲ್ಲಿ ಆಡಿದವರು. ಕುರ್ಚಿಯ ಕಾಲು ಯಾರ ಕೈಯಲ್ಲಿದೆ, ನಾಯಕನದೋ, ಮಾಲೀಕನದೋ, ಫೆಡರೇಷನ್ನಿನದೋ, ಇಲಾಖೆಯದೋ, ಎಂಬುದನ್ನು ಮೊದಲು ನೋಡಬೇಕು.

ಅಮೆರಿಕದ ಮಾದರಿ

ಕೋಚ್‌ನ ನೌಕರಿ ಎಷ್ಟು ಅಸ್ಥಿರ ಎಂಬುದಕ್ಕೆ ಜಗತ್ತು ಕೊಡುವ ಉದಾಹರಣೆ ಅಮೆರಿಕನ್ ಫುಟ್‌ಬಾಲ್. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ ಅದು. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಲೀಗ್ ಪಂದ್ಯಗಳು ಮುಗಿದ ಮರುದಿನವನ್ನು ‘ಬ್ಲ್ಯಾಕ್ ಮಂಡೇ’ ಎನ್ನುತ್ತಾರೆ. ಸೋತ ತಂಡಗಳ ಕೋಚ್‌ಗಳಿಗೆ ಅಂದು ಮನೆಯ ದಾರಿ. ಡಲ್ಲಾಸ್ ಕೌಬಾಯ್ಸ್ ತಂಡದ ಟಾಮ್ ಲ್ಯಾಂಡ್ರಿ 1960ರ ಮೊದಲ ಋತುವಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆದರೂ ಅವರನ್ನು ಉಳಿಸಿಕೊಂಡರು. 29 ಋತುಗಳಲ್ಲಿ ಅವರು ಎರಡು ಸೂಪರ್ ಬೌಲ್ ಗೆದ್ದುಕೊಟ್ಟರು. 1989ರಲ್ಲಿ ತಂಡವನ್ನು ಕೊಂಡ ಹೊಸ ಮಾಲೀಕ ಮೊದಲು ಮಾಡಿದ ಕೆಲಸಗಳಲ್ಲಿ ಅವರನ್ನು ಕಳಿಸಿದ್ದೂ ಒಂದು. ಬಿಲ್ ಬೆಲಿಚೆಕ್‌ರದು ತಿರುಗುಮುರುಗಾದ ಕಥೆ. ಕ್ಲೀವ್‌ಲ್ಯಾಂಡ್‌ನಲ್ಲಿ ಐದು ಋತುಗಳ ನಂತರ ವಜಾ ಆದವರು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ 24 ಋತು ನಿಂತು ಆರು ಸೂಪರ್ ಬೌಲ್ ಗೆದ್ದರು. 2023ರಲ್ಲಿ 17 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದಾಗ ಅಲ್ಲಿಂದಲೂ ಹೊರಟರು.

ಕರ್ನಾಟಕದಲ್ಲಿ ಈ ಆಟಕ್ಕೆ ನೆಲೆಯಿಲ್ಲ. ಅದರ ನೌಕರಿಯ ನಿಯಮ ಮಾತ್ರ ಲೀಗ್‌ಗಳ ಬೆನ್ನಿಗೇ ಇಲ್ಲಿಗೂ ಬಂದಿದೆ.

ಉಸ್ತಾದನಿಂದ ಕೋಚ್‌ವರೆಗೆ

ಹಳೆಯ ಮೈಸೂರು ಸೀಮೆಯಲ್ಲಿ ಗರಡಿಮನೆಯ ಉಸ್ತಾದನೇ ತರಬೇತುದಾರ. ಅವನನ್ನು ನೇಮಿಸುವವರೂ ಇರಲಿಲ್ಲ, ತೆಗೆಯುವವರೂ ಇರಲಿಲ್ಲ. ಶಿಷ್ಯ ಕುಸ್ತಿಯಲ್ಲಿ ಬಿದ್ದರೆ ಉಸ್ತಾದನ ಮರ್ಯಾದೆ ಹೋಗುತ್ತಿತ್ತು, ಗರಡಿ ಹೋಗುತ್ತಿರಲಿಲ್ಲ. ತರಬೇತಿ ಒಂದು ಪದವಿಯಾಗಿ, ಸಂಬಳದ ಕೆಲಸವಾಗಿ ರೂಪುಗೊಂಡದ್ದು 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದ ಮೇಲೆ. ಅಲ್ಲಿ ಡಿಪ್ಲೊಮಾ ಮಾಡಿದವರನ್ನು ಇಂದಿಗೂ ‘ಎನ್‌ಐಎಸ್ ಕೋಚ್’ ಎಂದೇ ಕರೆಯುತ್ತಾರೆ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಶಿಷ್ಯನ ಹೆಬ್ಬೆರಳು ಕೇಳಿದ ಗುರುವಿನ ಹೆಸರನ್ನೇ ಈ ಪ್ರಶಸ್ತಿಗೆ ಏಕೆ ಆರಿಸಿದರೋ, ಏಕಲವ್ಯನ ಕಡೆಯವರು ಕೇಳಬೇಕಾದ ಪ್ರಶ್ನೆ. (ಕರ್ನಾಟಕ ಸರ್ಕಾರ ತನ್ನ ಆಟಗಾರರಿಗೆ ಕೊಡುವುದು ಏಕಲವ್ಯ ಪ್ರಶಸ್ತಿ.) ಅಥ್ಲೆಟಿಕ್ಸ್‌ನ ಎನ್. ಲಿಂಗಪ್ಪ 2014ರಲ್ಲಿ, ವಿ.ಆರ್. ಬೀಡು 2018ರಲ್ಲಿ, ಹಾಕಿಯ ಜೂಡ್ ಫೆಲಿಕ್ಸ್ 2020ರಲ್ಲಿ ದ್ರೋಣಾಚಾರ್ಯ ಪಡೆದರು. ಲಿಂಗಪ್ಪ ಮತ್ತು ಬೀಡು ಅವರಿಗೆ ಸಂದದ್ದು ಜೀವಮಾನ ಸಾಧನೆಯ ವಿಭಾಗದಲ್ಲಿ. ತರಬೇತುದಾರನ ಏಳಿಗೆಯನ್ನು ಸರ್ಕಾರ ಗುರುತಿಸುವ ಹೊತ್ತಿಗೆ ಅವನ ತಲೆಗೂದಲು ಬೆಳ್ಳಗಾಗಿರುತ್ತದೆ.

ಬ್ಯಾಡ್ಮಿಂಟನ್‌ನ ಪ್ರಕಾಶ್ ಪಡುಕೋಣೆ ಬೇರೆ ದಾರಿ ಹಿಡಿದರು. 1993ರಿಂದ 1996ರವರೆಗೆ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಅವರು, 1994ರಲ್ಲಿ ವಿಮಲ್ ಕುಮಾರ್ ಜೊತೆ ಬೆಂಗಳೂರಿನಲ್ಲಿ ತಮ್ಮದೇ ಅಕಾಡೆಮಿ ತೆರೆದರು. ಸ್ವಂತ ಅಕಾಡೆಮಿ ಇದ್ದವನನ್ನು ಯಾರೂ ವಜಾ ಮಾಡಲಾರರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯ ಸೋತ ದಿನವೇ, ಇನ್ನು ಆಟಗಾರರೂ ಹೊಣೆ ಹೊರಬೇಕು ಎಂದು ಪ್ರಕಾಶ್ ಬಹಿರಂಗವಾಗಿ ಹೇಳಿದರು. ಗುತ್ತಿಗೆಯ ಮೇಲಿರುವ ಕೋಚ್ ಅಷ್ಟು ನೇರವಾಗಿ ಮಾತಾಡುವುದು ಅಪರೂಪ.

ಅನಿಲ್ ಕುಂಬ್ಳೆ: ಗೆದ್ದೂ ಹೊರಟವರು

ಕಾಸರಗೋಡು ಜಿಲ್ಲೆಯ ಕುಂಬಳೆ ಊರಿನ ಹೆಸರನ್ನು ಹೊತ್ತ ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. 619 ಟೆಸ್ಟ್ ವಿಕೆಟ್‌ಗಳ ಒಡೆಯ. 2016ರ ಜೂನ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಹುದ್ದೆಗೆ 57 ಅರ್ಜಿಗಳು ಬಂದಿದ್ದವು. ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಅವರಿದ್ದ ಸಲಹಾ ಸಮಿತಿ ಕುಂಬ್ಳೆಯವರನ್ನು ಆರಿಸಿತು. ಗುತ್ತಿಗೆ ಒಂದೇ ವರ್ಷದ್ದು.

ಆ ವರ್ಷದ ಫಲಿತಾಂಶಕ್ಕೆ ಹೆಸರಿಡುವಂತಿಲ್ಲ. ವೆಸ್ಟ್ ಇಂಡೀಸ್, ನ್ಯೂಜಿಲೆಂಡ್, ಇಂಗ್ಲೆಂಡ್, ಬಾಂಗ್ಲಾದೇಶ, ಆಸ್ಟ್ರೇಲಿಯಾ ತಂಡಗಳ ಎದುರು 17 ಟೆಸ್ಟ್. 12 ಗೆಲುವು, ಪುಣೆಯಲ್ಲಿ ಆಸ್ಟ್ರೇಲಿಯಾಕ್ಕೆ ಒಂದೇ ಸೋಲು. 2017ರ ಜೂನ್ 18ರಂದು ಲಂಡನ್ನಿನ ಓವಲ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ತಂಡ ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತಿತು. ಎರಡು ದಿನ ಕಳೆದು ಕುಂಬ್ಳೆ ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆಯೆಂದು ಹಿಂದಿನ ದಿನವಷ್ಟೇ ಕ್ರಿಕೆಟ್ ಮಂಡಳಿಯಿಂದ ಮೊದಲ ಬಾರಿಗೆ ತಿಳಿಯಿತು, ಈ ಜೊತೆ ಇನ್ನು ನಡೆಯದು ಎಂಬ ಅರ್ಥದ ಹೇಳಿಕೆಯನ್ನು ಅವರೇ ಪ್ರಕಟಿಸಿದರು. ನಾಯಕ ವಿರಾಟ್ ಕೊಹ್ಲಿ. ಮುಂದಿನ ತಿಂಗಳು ರವಿ ಶಾಸ್ತ್ರಿ ಆ ಸ್ಥಾನಕ್ಕೆ ಬಂದರು.

ಶಿಸ್ತಿನ ಮೇಷ್ಟ್ರು ಸೋತರು ಎಂದು ಒಂದು ಗುಂಪು, ಕಾಲ ಬದಲಾದದ್ದು ಮೇಷ್ಟ್ರಿಗೆ ತಿಳಿಯಲಿಲ್ಲ ಎಂದು ಇನ್ನೊಂದು ಗುಂಪು ಬಹಳ ದಿನ ವಾದಿಸಿದವು. ಎರಡೂ ಮುಖ್ಯವಾದ ಒಂದು ಮಾತನ್ನು ಬಿಟ್ಟಿವೆ. ಫುಟ್‌ಬಾಲ್‌ನಲ್ಲಿ ಹನ್ನೊಂದು ಜನರನ್ನು ಆರಿಸಿ, ಪಂದ್ಯದ ನಡುವೆ ಬದಲಿ ಕಳಿಸುವವನು ಕೋಚ್. ಕ್ರಿಕೆಟ್‌ನಲ್ಲಿ ಬೌಲಿಂಗ್ ಬದಲಿಸುವವನೂ ಫೀಲ್ಡರ್‌ನನ್ನು ಸರಿಸುವವನೂ ನಾಯಕ. ಮೈದಾನದ ಅಧಿಕಾರ ನಾಯಕನದಾದ ಮೇಲೆ ಇಬ್ಬರಲ್ಲಿ ಒಬ್ಬರು ಹೋಗಬೇಕಾಗಿ ಬಂದರೆ ಯಾರು ಹೋಗುತ್ತಾರೆ ಎಂಬುದಕ್ಕೆ ಜೋಯಿಸರು ಬೇಕಿಲ್ಲ.

2019ರ ಅಕ್ಟೋಬರ್‌ನಲ್ಲಿ ಕುಂಬ್ಳೆ ಪಂಜಾಬ್‌ನ ಐಪಿಎಲ್ ತಂಡದ ಹೊಣೆ ಹೊತ್ತರು. 2020ರ ಐಪಿಎಲ್‌ನಲ್ಲಿದ್ದ ಏಕೈಕ ಭಾರತೀಯ ಮುಖ್ಯ ಕೋಚ್ ಅವರೇ. 2020, 2021, 2022, ಮೂರೂ ವರ್ಷ ತಂಡ ನಿಂತದ್ದು ಆರನೇ ಸ್ಥಾನದಲ್ಲಿ. 2022ರ ಆಗಸ್ಟ್‌ನಲ್ಲಿ ಗುತ್ತಿಗೆ ನವೀಕರಣವಾಗಲಿಲ್ಲ. ಇಲ್ಲಿ ಜಗಳವೂ ಇಲ್ಲ, ರಹಸ್ಯವೂ ಇಲ್ಲ. ಫ್ರಾಂಚೈಸಿಯ ಲೆಕ್ಕದಲ್ಲಿ ಆರು ಎಂದರೆ ಆರು.

ರಾಹುಲ್ ದ್ರಾವಿಡ್: ಸೋತೂ ಉಳಿದವರು

ರಾಹುಲ್ ದ್ರಾವಿಡ್ ಮೊದಲು ಕೂತದ್ದು ದೊಡ್ಡ ಕುರ್ಚಿಯ ಮೇಲಲ್ಲ. 2015ರಲ್ಲಿ ಭಾರತ ಎ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆದರು. 2016ರಲ್ಲಿ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್‌ಗೆ ಸೋಲು. 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಮಣಿಸಿ ಕಪ್. ಆಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ತಾರತಮ್ಯ ಬೇಡವೆಂದು ದ್ರಾವಿಡ್ ಹೇಳಿದ ಮೇಲೆ ಎಲ್ಲರಿಗೂ 25 ಲಕ್ಷ ಆಯಿತು. ಅಂದರೆ ಅವರ ಪಾಲು ಅರ್ಧಕ್ಕಿಳಿಯಿತು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು, 2021ರ ನವೆಂಬರ್‌ನಲ್ಲಿ ಹಿರಿಯರ ತಂಡಕ್ಕೆ ಬಂದರು.

ಮೊದಲ ಎರಡು ವರ್ಷ ಕಪ್ಪಿನ ಬಾಗಿಲವರೆಗೆ ಹೋಗಿ ಬರಿಗೈಲಿ ಬಂದದ್ದೇ ಹೆಚ್ಚು. 2022ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟೆಸ್ಟ್ ಸರಣಿ ಕೈತಪ್ಪಿತು. ಆ ನವೆಂಬರ್‌ನಲ್ಲಿ ಅಡಿಲೇಡ್‌ನ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್ ಸೋಲು. 2023ರ ಜೂನ್‌ನಲ್ಲಿ ಓವಲ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 209 ರನ್ ಸೋಲು. ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಬಂತು. ತವರಿನ ಏಕದಿನ ವಿಶ್ವಕಪ್‌ನಲ್ಲಿ ಸತತ ಹತ್ತು ಗೆಲುವು. ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಹನ್ನೊಂದನೆಯ ಪಂದ್ಯ, ಆಸ್ಟ್ರೇಲಿಯಾ ಎದುರು, ಸೋಲು. ಗುತ್ತಿಗೆಯೂ ಅಲ್ಲಿಗೇ ಮುಗಿದಿತ್ತು.

ಇಲ್ಲಿ ಕುಂಬ್ಳೆಯವರ ಕಥೆ ಮಗುಚಿ ಬೀಳುತ್ತದೆ. ನಾಯಕ ರೋಹಿತ್ ಶರ್ಮಾ ದೂರವಾಣಿ ಮಾಡಿ ಇನ್ನೂ ಏಳೆಂಟು ತಿಂಗಳು ಇರುವಂತೆ ಕೇಳಿಕೊಂಡರು. ಅದನ್ನು ದ್ರಾವಿಡ್ ಆಮೇಲೆ ತಂಡದ ಎದುರೇ ನೆನೆದರು. ಒಬ್ಬ ನಾಯಕನ ಆಕ್ಷೇಪ ಗೆದ್ದ ಕೋಚ್‌ನ ಕುರ್ಚಿ ಉರುಳಿಸಿದರೆ, ಇನ್ನೊಬ್ಬ ನಾಯಕನ ಒಂದು ಕರೆ ಸೋತ ಕೋಚ್‌ನನ್ನು ಉಳಿಸಿತು. 2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದಿತು. 2007ರಲ್ಲಿ ಇದೇ ವೆಸ್ಟ್ ಇಂಡೀಸ್ ನೆಲದಲ್ಲಿ ದ್ರಾವಿಡ್ ನಾಯಕರಾಗಿದ್ದ ತಂಡ ಬಾಂಗ್ಲಾದೇಶ, ಶ್ರೀಲಂಕಾಗಳಿಗೆ ಸೋತು ಮೊದಲ ಸುತ್ತಿನಲ್ಲೇ ವಿಶ್ವಕಪ್‌ನಿಂದ ಹೊರಬಿದ್ದಿತ್ತು. ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಸದಾ ಸೌಮ್ಯರಾದ ದ್ರಾವಿಡ್ ಅದನ್ನೆತ್ತಿ ಕೂಗಿದ ದೃಶ್ಯವನ್ನು ನೋಡಿದವರಿಗೆ, ಆ ಕೂಗಿಗೆ ಹದಿನೇಳು ವರ್ಷ ವಯಸ್ಸಾಗಿತ್ತು ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಮೇಲಕ್ಕೆ ಹೋದದ್ದು ಅಲ್ಲೇ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ತಮ್ಮ ಹಳೆಯ ತಂಡ ರಾಜಸ್ಥಾನ್ ರಾಯಲ್ಸ್‌ಗೆ ಕೋಚ್ ಆಗಿ ಮರಳಿದರು. ಬೆಂಗಳೂರಿನಲ್ಲಿ ಕ್ಲಬ್ ಪಂದ್ಯ ಆಡುವಾಗ ಕಾಲಿಗೆ ಪೆಟ್ಟಾಗಿ 2025ರ ಐಪಿಎಲ್‌ನಲ್ಲಿ ಊರುಗೋಲು, ಗಾಲಿಕುರ್ಚಿಯಲ್ಲೇ ಕೆಲಸ ಮಾಡಿದರು. ಹದಿನಾಲ್ಕರ ಹುಡುಗ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕ ಹೊಡೆದಾಗ ಗಾಲಿಕುರ್ಚಿಯಿಂದ ಎದ್ದು ನಿಂತೇಬಿಟ್ಟರು. ಆದರೆ ತಂಡಕ್ಕೆ 14 ಪಂದ್ಯಗಳಲ್ಲಿ 4 ಗೆಲುವು, ಒಂಬತ್ತನೇ ಸ್ಥಾನ. ಆಗಸ್ಟ್‌ನಲ್ಲಿ ಫ್ರಾಂಚೈಸಿ ಇನ್ನೂ ವಿಶಾಲವಾದ ಹುದ್ದೆಯನ್ನು ಮುಂದಿಟ್ಟಿತು, ಅವರು ಒಪ್ಪದೆ ಹೊರಟರು. ವಿಶ್ವಕಪ್ ಗೆದ್ದು ಹದಿನಾಲ್ಕು ತಿಂಗಳಾಗಿತ್ತು.

ಎರಡನೇ ಸಾಲಿನವರು

ಮುಖ್ಯ ಕೋಚ್‌ನ ಹಿಂದೆ ನಿಲ್ಲುವವರ ಏಳುಬೀಳು ಸುದ್ದಿಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ವೆಂಕಟೇಶ್ ಪ್ರಸಾದ್ 2007ರಲ್ಲಿ ಭಾರತದ ಬೌಲಿಂಗ್ ಕೋಚ್ ಆದ ಕೆಲವೇ ತಿಂಗಳಲ್ಲಿ ತಂಡ ಮೊದಲ ಟಿ20 ವಿಶ್ವಕಪ್ ಗೆದ್ದಿತು. 2009ರ ಅಕ್ಟೋಬರ್‌ನಲ್ಲಿ ಅವರನ್ನೂ ಫೀಲ್ಡಿಂಗ್ ಕೋಚ್ ರಾಬಿನ್ ಸಿಂಗ್ ಅವರನ್ನೂ ಒಟ್ಟಿಗೇ ಕೈಬಿಡಲಾಯಿತು. ಗದಗಿನ ಸುನಿಲ್ ಜೋಶಿ ಕೋಚ್ ಆಗಿದ್ದಾಗ ಜಮ್ಮು-ಕಾಶ್ಮೀರ ತಂಡ 2014ರಲ್ಲಿ ಮುಂಬೈಯನ್ನು ಅದರದೇ ವಾಂಖೆಡೆಯಲ್ಲಿ ಸೋಲಿಸಿತು. ಆಮೇಲೆ ಅವರು ಬಾಂಗ್ಲಾದೇಶದ ಸ್ಪಿನ್ ಸಲಹೆಗಾರರಾದರು, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಜೆ. ಅರುಣ್‌ಕುಮಾರ್ ಕೋಚ್ ಆಗಿದ್ದ ಕರ್ನಾಟಕ 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಎರಡೆರಡು ಸಲ ಗೆದ್ದಿತು. ರಾಜ್ಯದ ಕ್ರಿಕೆಟ್ ಇತಿಹಾಸದಲ್ಲಿ ಅಂಥ ಎರಡು ವರ್ಷ ಮತ್ತೆ ಬಂದಿಲ್ಲ. ಅವರು 2020ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ರಿಕೆಟ್ ತಂಡಕ್ಕೆ ಕೋಚ್ ಆಗಿ ಹೋದರು. ಅಮೆರಿಕನ್ ಫುಟ್‌ಬಾಲ್‌ನ ನೆಲದಲ್ಲಿ ಒಬ್ಬ ಕನ್ನಡಿಗ ಕೋಚ್.

ಇವರೆಲ್ಲರಿಗಿಂತ ಗಟ್ಟಿಯಾಗಿ ಕೂತವರು ಕುಮಟಾದ ಡಿ. ರಾಘವೇಂದ್ರ. ಭಾರತ ತಂಡದ ಬ್ಯಾಟರ್‌ಗಳಿಗೆ ಸೈಡ್‌ಆರ್ಮ್ ಕೋಲಿನಿಂದ ಚೆಂಡೆಸೆದು ಅಭ್ಯಾಸ ಮಾಡಿಸುವ ಥ್ರೋಡೌನ್ ತಜ್ಞ. ಫ್ಲೆಚರ್, ಶಾಸ್ತ್ರಿ, ಕುಂಬ್ಳೆ, ದ್ರಾವಿಡ್, ಗಂಭೀರ್ ಒಬ್ಬರ ಹಿಂದೊಬ್ಬರು ಬಂದರು, ರಾಘವೇಂದ್ರ ನೆಟ್ಸ್‌ನಲ್ಲೇ ಇದ್ದರು. ಕುರ್ಚಿ ಇಲ್ಲದವನಿಗೆ ಬೀಳುವ ಭಯವಿಲ್ಲ.

ಕಬಡ್ಡಿ: ಬಿ.ಸಿ. ರಮೇಶ್

ಏಳುಬೀಳಿನ ಪಾಠಕ್ಕೆ ಕರ್ನಾಟಕದಲ್ಲಿ ಒಬ್ಬರನ್ನೇ ಆರಿಸಬೇಕಾದರೆ ಕಬಡ್ಡಿಯ ಬಿ.ಸಿ. ರಮೇಶ್ ಅವರನ್ನು ಆರಿಸಬೇಕು. ಆಟಗಾರರಾಗಿ 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಮಣ್ಣಿನ ಆಟ ಮ್ಯಾಟ್ ಹತ್ತಿತು, ಆಟಗಾರರ ಹರಾಜು ಬಂತು, ಅದರ ಬೆನ್ನಿಗೆ ವೃತ್ತಿಪರ ಕೋಚ್‌ಗಳ ಪೇಟೆಯೂ ತೆರೆಯಿತು.

ಬೆಂಗಳೂರು ಬುಲ್ಸ್ ತಂಡಕ್ಕೆ ಮೊದಲ ಆವೃತ್ತಿಯಿಂದ ಹೆಡ್ ಕೋಚ್ ರಣಧೀರ್ ಸಿಂಗ್. ಆರನೇ ಆವೃತ್ತಿಯಲ್ಲಿ ರಮೇಶ್ ಅವರ ಜೊತೆ ಕೋಚ್ ಆಗಿದ್ದರು. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ಎದುರು 38-33ರಿಂದ ಗೆದ್ದು ಬುಲ್ಸ್ ಮೊದಲ ಸಲ ಚಾಂಪಿಯನ್ ಆಯಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಅದೇ ವರ್ಷ ರಮೇಶ್ ಬೆಂಗಾಲ್ ವಾರಿಯರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು, ಅಕ್ಟೋಬರ್‌ನಲ್ಲಿ ದಬಂಗ್ ಡೆಲ್ಲಿಯನ್ನು 39-34ರಿಂದ ಮಣಿಸಿ ಆ ತಂಡಕ್ಕೂ ಮೊದಲ ಕಪ್ ತಂದರು. ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ಬೇರೆ ತಂಡಗಳ ಜೊತೆ ಎರಡು ಪ್ರಶಸ್ತಿ.

ಆಮೇಲೆ ಕೋವಿಡ್‌ನ ವಿರಾಮ. ಎಂಟನೇ ಆವೃತ್ತಿಯಲ್ಲಿ ಅದೇ ಬೆಂಗಾಲ್ ಒಂಬತ್ತನೇ ಸ್ಥಾನಕ್ಕಿಳಿಯಿತು. ರಮೇಶ್ ಪುಣೇರಿ ಪಲ್ಟನ್‌ಗೆ ಬಂದರು. 2022ರ ಡಿಸೆಂಬರ್‌ನಲ್ಲಿ ಜೈಪುರದ ಎದುರು 33-29ರಿಂದ ಫೈನಲ್ ಸೋಲು. 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ಎದುರು 28-25ರಿಂದ ಗೆಲುವು. ಪುಣೆಯ ಆ ತಂಡವನ್ನು ಅವರು ಕಟ್ಟಿದ್ದು ಹೆಚ್ಚಾಗಿ ಎಳೆಯ ಹುಡುಗರಿಂದ; ಒಬ್ಬ ರೈಡರ್ ಮೇಲೆ ಭಾರ ಹಾಕದೆ ಏಳೂ ಜನ ಅಂಕ ತರುವ ಆಟ. ಮರು ಆವೃತ್ತಿಯಲ್ಲಿ ಹಾಲಿ ಚಾಂಪಿಯನ್ನರು ಮೊದಲ ಆರರಲ್ಲೂ ಬರಲಿಲ್ಲ.

ಅದೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕಟ್ಟಕಡೆಗೆ ನಿಂತಿತು. ಹನ್ನೊಂದು ಆವೃತ್ತಿ ಒಂದೇ ತಂಡಕ್ಕೆ ದುಡಿದ ರಣಧೀರ್ ಸಿಂಗ್ ಅವರ ಕಾಲ ಮುಗಿಯಿತು. ಈ ಲೀಗ್‌ನಲ್ಲಿ ಅಷ್ಟು ದೀರ್ಘ ನಿಷ್ಠೆ ಕೋಚ್ ಕಡೆಯಿಂದಾಗಲಿ, ಮಾಲೀಕರ ಕಡೆಯಿಂದಾಗಲಿ ಬೇರೆಲ್ಲೂ ಕಾಣದು. 2025ರಲ್ಲಿ ಆ ಸ್ಥಾನಕ್ಕೆ ಬಂದವರು ರಮೇಶ್. ಹಿಂದೆ ಜೊತೆಗಾರನಾಗಿದ್ದ ಮನೆಗೆ ಯಜಮಾನನಾಗಿ. ತಳದಲ್ಲಿದ್ದ ತಂಡ ಆ ವರ್ಷ ಪ್ಲೇಆಫ್ ತಲುಪಿತು.

ಕಬಡ್ಡಿ ಕೋಚ್‌ಗೆ ಕ್ರಿಕೆಟ್ ಕೋಚ್‌ಗಿಲ್ಲದ ಒಂದು ಅಧಿಕಾರವಿದೆ. ಪಂದ್ಯದ ನಡುವೆ ಟೈಂಔಟ್ ಕೇಳಿ ಆಟಗಾರನನ್ನು ಬದಲಿಸಬಹುದು. ಆದ್ದರಿಂದಲೇ ಸೋತಾಗ ಅವನ ಕೊರಳಿಗೆ ಬೀಳುವ ಹೊಣೆಯೂ ಹೆಚ್ಚು, ಮರು ವರ್ಷ ಇನ್ನೊಂದು ತಂಡ ಕರೆಯುವ ಸಾಧ್ಯತೆಯೂ ಹೆಚ್ಚು.

ಬೆಂಗಳೂರು ಎಫ್‌ಸಿ ಮತ್ತು ಪರದೇಶದ ಕೋಚ್‌ಗಳು

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಆರಂಭದಿಂದಲೂ ವಿದೇಶಿ ಕೋಚ್‌ಗಳನ್ನು ನೆಚ್ಚಿದೆ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟರು, 2015-16ರಲ್ಲಿ ಮತ್ತೆ ಗೆದ್ದರು, ಗೆದ್ದ ಬೆನ್ನಿಗೇ ಹೊರಟರು. ಸ್ಪೇನ್‌ನ ಆಲ್ಬರ್ಟ್ ರೋಕಾ 2016ರಲ್ಲಿ ಬಂದ ಕೆಲವೇ ತಿಂಗಳಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 1-0 ಸೋಲು. ಅವರ ಸಹಾಯಕರಾಗಿದ್ದ ಕಾರ್ಲ್ಸ್ ಕ್ವಾಡ್ರಾಟ್ 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದರು. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ಬಳಿಕ ಅವರನ್ನು ಕಳಿಸಿಕೊಡಲಾಯಿತು. ಸೈಮನ್ ಗ್ರೇಸನ್‌ರದು ಇನ್ನೂ ವಿಚಿತ್ರ. 2022-23ರ ಒಂದೇ ಋತುವಿನಲ್ಲಿ ಡ್ಯುರಾಂಡ್ ಕಪ್ ಗೆದ್ದರು, ಐಎಸ್‌ಎಲ್ ಫೈನಲ್ ಅನ್ನು ಪೆನಾಲ್ಟಿಯಲ್ಲಿ ಸೋತರು, ಸೂಪರ್ ಕಪ್ ಫೈನಲ್ ಕೂಡ ಸೋತರು. ಮೂರು ಫೈನಲ್ ಆಡಿದ ಆ ಕೋಚ್ 2023ರ ಡಿಸೆಂಬರ್‌ನಲ್ಲಿ ಹುದ್ದೆಯಲ್ಲಿರಲಿಲ್ಲ. ಕಂಠೀರವದ ಪಶ್ಚಿಮ ಗ್ಯಾಲರಿಯ ಅಭಿಮಾನಿಗಳು ಕೋಚ್‌ಗಳನ್ನು ಇಸವಿಯಿಂದ ನೆನಪಿಡುವುದಿಲ್ಲ, ಫೈನಲ್‌ಗಳಿಂದ ನೆನಪಿಡುತ್ತಾರೆ.

ಬಾಕ್ಸಿಂಗ್: ಸಿ.ಎ. ಕುಟ್ಟಪ್ಪ

ಕೊಡಗಿನ ಸಿ.ಎ. ಕುಟ್ಟಪ್ಪ ಸೇನೆಯಿಂದ ಬಂದ ಬಾಕ್ಸಿಂಗ್ ಕೋಚ್. 2018ರಲ್ಲಿ ದ್ರೋಣಾಚಾರ್ಯ ಪಡೆದರು. ಅವರು ಪುರುಷರ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಿದ್ದಾಗ ಟೋಕಿಯೊ ಒಲಿಂಪಿಕ್ಸ್‌ಗೆ ಐವರು ಪುರುಷರು ಅರ್ಹತೆ ಗಳಿಸಿದರು. ಐವರಲ್ಲಿ ಒಂದು ಬೌಟ್ ಗೆದ್ದದ್ದು ಸತೀಶ್ ಕುಮಾರ್ ಒಬ್ಬರೇ. ಕುಟ್ಟಪ್ಪ ಸ್ಥಾನ ಕಳೆದುಕೊಂಡರು. ಮತ್ತೆ ಕರೆ ಬಂದ ಮೇಲೆ 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪುರುಷರು ಮೂರು ಕಂಚು ಗೆದ್ದರು. ಮರು ವರ್ಷ ಪ್ಯಾರಿಸ್‌ನಲ್ಲಿ ಬಾಕ್ಸಿಂಗ್‌ನಿಂದ ಒಂದು ಪದಕವೂ ಬರಲಿಲ್ಲ. ಒಲಿಂಪಿಕ್ ಕ್ರೀಡೆಗಳ ಕೋಚ್‌ಗೆ ಅಂಕಪಟ್ಟಿ ಸಿಗುವುದೇ ನಾಲ್ಕು ವರ್ಷಕ್ಕೊಮ್ಮೆ. ನಡುವಿನ ಗೆಲುವುಗಳನ್ನು ಜಮಾ ಹಿಡಿಯುವವರು ಕಡಿಮೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆ

ಕಂದಾಯ ಇಲಾಖೆಯ ನಕ್ಷೆಯಲ್ಲಿ ತುಮಕೂರು ಒಂದೇ ಜಿಲ್ಲೆ, ಹತ್ತು ತಾಲ್ಲೂಕು. ಶಾಲಾ ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ಅದು ಎರಡು. ಉತ್ತರದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದಕ್ಕೆ ಮಧುಗಿರಿಯಲ್ಲೇ ಉಪನಿರ್ದೇಶಕರ ಕಚೇರಿ. ಆಡಳಿತದ ಈ ವಿಭಜನೆಯಿಂದ ಆಟಕ್ಕೆ ಒಂದು ಉಪಕಾರವಾಗಿದೆ. ಕಡಲೆಕಾಯಿ, ರಾಗಿಯ ಈ ಒಣಸೀಮೆಯ ಮಕ್ಕಳು ತಮ್ಮದೇ ಜಿಲ್ಲಾ ಮಟ್ಟದ ಕ್ರೀಡಾಕೂಟ ಆಡಿ, ತಮ್ಮದೇ ತಂಡವಾಗಿ ಬೆಂಗಳೂರು ವಿಭಾಗ ಮಟ್ಟಕ್ಕೆ ಹೋಗುತ್ತಾರೆ.

ಏಣಿ ಶುರುವಾಗುವುದು ಹೋಬಳಿಯಿಂದ. ಮಧುಗಿರಿಯಲ್ಲಿ ಮಿಡಿಗೇಶಿ, ಪುರವರ, ಕೊಡಿಗೇನಹಳ್ಳಿ, ಶಿರಾದಲ್ಲಿ ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ಹುಲಿಕುಂಟೆ, ಕೊರಟಗೆರೆಯಲ್ಲಿ ಹೊಳವನಹಳ್ಳಿ, ಕೋಳಾಲ, ಪಾವಗಡದಲ್ಲಿ ವೈ.ಎನ್. ಹೊಸಕೋಟೆ, ನಾಗಲಮಡಿಕೆ, ನಿಡಗಲ್. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ: ಐದು ಮೆಟ್ಟಿಲು. ಪ್ರಾಥಮಿಕ ಶಾಲೆಯವರಿಗೆ 14 ವರ್ಷದೊಳಗಿನ ವಿಭಾಗ, ಹೈಸ್ಕೂಲಿನವರಿಗೆ 17ರೊಳಗಿನದು. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ಮುಖ್ಯ ಆಟಗಳು. ಸುತ್ತಲೂ ಹೆಚ್ಚಿನ ಪಾಲು ಆಂಧ್ರದ ನೆಲವೇ ಇರುವ ಪಾವಗಡದಲ್ಲಿ ಮೇಷ್ಟ್ರು ಅಂಕಣದಾಚೆಯಿಂದ ಕೂಗುವ ಸೂಚನೆ ಅರ್ಧ ಕನ್ನಡ, ಅರ್ಧ ತೆಲುಗು.

ಇಲ್ಲಿನ ಕೋಚ್ ದೈಹಿಕ ಶಿಕ್ಷಣ ಶಿಕ್ಷಕ; ಸಿ.ಪಿ.ಇಡಿ ಇಲ್ಲವೆ ಬಿ.ಪಿ.ಇಡಿ ಓದಿದವರು. ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಆಗಸ್ಟ್ 15ರ ಕವಾಯತು, ತಡವಾಗಿ ಬಂದವರ ವಿಚಾರಣೆ, ಸಮಾರಂಭಕ್ಕೆ ಶಾಮಿಯಾನ ಕಟ್ಟಿಸುವುದು ಎಲ್ಲವೂ ಇವರದೇ. ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆಯುವವರೂ ಅದರೊಳಗೆ ತಂಡ ಇಳಿಸುವವರೂ ಇವರೇ. ಪಕ್ಕದ ಶಾಲೆಗಳ ಪಂದ್ಯಕ್ಕೆ ಸೀಟಿ ಊದುವ ಅಂಪೈರೂ ಇವರೇ. ದೈಹಿಕ ಶಿಕ್ಷಕರೇ ಇಲ್ಲದ ಸರ್ಕಾರಿ ಶಾಲೆಗಳು ರಾಜ್ಯದಲ್ಲಿ ಬಹಳ. ಅಂಥ ಕಡೆ ಗಣಿತದ ಮೇಷ್ಟ್ರೋ ಕನ್ನಡ ಮೇಡಮ್ಮೋ ತಂಡವನ್ನು ಬಸ್ಸು ಹತ್ತಿಸುತ್ತಾರೆ.

ಈ ಕೋಚ್‌ನನ್ನು ಸೋಲಿಗಾಗಿ ಯಾರೂ ತೆಗೆಯುವುದಿಲ್ಲ. ಗೆಲುವಿಗಾಗಿ ಮೇಲಕ್ಕೆತ್ತುವವರೂ ಇಲ್ಲ. ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿ ಮಾಡಿ, ದೈಹಿಕ ಶಿಕ್ಷಕರನ್ನು ಸಹ ಶಿಕ್ಷಕರೆಂದು ಪರಿಗಣಿಸಿ, ಮುಖ್ಯ ಶಿಕ್ಷಕ ಹುದ್ದೆಯ ಬಡ್ತಿಗೆ ದಾರಿ ಮಾಡಿಕೊಡಬೇಕೆಂಬುದು ಅವರ ಸಂಘಟನೆಗಳ ಹಳೆಯ ಬೇಡಿಕೆ. ಅದಕ್ಕಾಗಿ ಕ್ರೀಡಾಕೂಟಗಳಿಂದ ದೂರ ಉಳಿಯುವ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಕುಂಬ್ಳೆಗೆ ಇದ್ದ ಭಯ ಇವರಿಗಿಲ್ಲ, ರಮೇಶ್‌ಗೆ ಇರುವ ಪೇಟೆಯೂ ಇವರಿಗಿಲ್ಲ. ಬೀಳುವಿಕೆ ಇಲ್ಲಿ ವರ್ಗಾವಣೆಯ ರೂಪದಲ್ಲಿ ಬರುತ್ತದೆ. ಕೌನ್ಸೆಲಿಂಗ್‌ನಲ್ಲಿ ಮೇಷ್ಟ್ರು ಬೇರೆ ತಾಲ್ಲೂಕಿನ ಊರು ಆರಿಸಿಕೊಂಡರೆ, ಹತ್ತು ವರ್ಷ ಖೊಖೊಗೆ ಹೆಸರಾದ ಶಾಲೆ ಎರಡೇ ವರ್ಷದಲ್ಲಿ ಹೋಬಳಿ ಮಟ್ಟದಲ್ಲೇ ನಿಲ್ಲಬಹುದು. ಶಾಲೆಯ ಕಪಾಟಿನಲ್ಲಿ ಹಳೆಯ ಕಪ್ಪುಗಳು ಉಳಿಯುತ್ತವೆ, ಅವುಗಳ ಮೇಲೆ ಕೋಚ್ ಹೆಸರು ಕೆತ್ತುವ ರೂಢಿಯಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ಎಂ.ಕೆ. ಗೌತಮ್ ಮತ್ತು ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಸಾಲದೆಂದು ಇಬ್ಬರೂ ಅದನ್ನು ನಿರಾಕರಿಸಿದರು. ಆಟಗಾರರಿಗೆ ಅಂಥ ಮಾತಾಡುವ ಬಲ ಬಂದಿದೆ. ಅವರನ್ನು ಮೊದಲು ಕಂಬದ ಪಕ್ಕ ಕೂರಿಸಿದ ಹಳ್ಳಿಯ ಕೋಚ್‌ಗಳಿಗೆ ಇನ್ನೂ ಬಂದಿಲ್ಲ.

ಹೈಸ್ಕೂಲು ಮೂರು ವರ್ಷದ್ದು. ಎಂಟನೇ ತರಗತಿಗೆ ಬಂದ ಹುಡುಗಿಗೆ ರೈಡ್ ಹೋಗುವಾಗ ಉಸಿರು ಹಿಡಿಯುವುದು, ಬೋನಸ್ ಗೆರೆಗೆ ಕಾಲು ಚಾಚುವುದು ಕಲಿಸಿ, ಒಂಬತ್ತರಲ್ಲಿ ತಾಲ್ಲೂಕಿಗೆ ಒಯ್ದು, ಹತ್ತರಲ್ಲಿ ವಿಭಾಗ ಮಟ್ಟಕ್ಕೆ ತಲುಪಿಸುವಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಬರುತ್ತದೆ. ಒಳ್ಳೆಯ ಆಟಗಾರ್ತಿ ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾದರೆ ಇನ್ನೂ ಮೊದಲೇ ಹೋಗುತ್ತಾಳೆ. ಕೆಲವರು ಓದು ನಿಲ್ಲಿಸಿ ಬೆಂಗಳೂರಿನ ಗಾರ್ಮೆಂಟ್ಸ್ ಸೇರುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಮೇಷ್ಟ್ರ ಏಳು ಜನರಲ್ಲಿ ಮೂವರೋ ನಾಲ್ವರೋ ಉಳಿದಿರುತ್ತಾರೆ. ಮೊದಲ ವಾರ ಅವರು ಎಂಟನೇ ತರಗತಿಯ ಬಾಗಿಲಲ್ಲಿ ನಿಂತು, ಯಾರ ಕಾಲು ಉದ್ದ, ಯಾರು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾರೆ ಎಂದು ನೋಡುತ್ತಿರುತ್ತಾರೆ.